ಗಾಳಿಯಲ್ಲಿ ಬಾರದ ಕಲ್ಲು

ಮಾರ್ಚ್ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮೇಲ್ಪೇಟೆಯ ಕಟ್ಟೆಯ ಅಂಚಿನಲ್ಲಿ ನಿಂತು, ಎರಡು ಕಿಲೋ ಒಂಬೈನೂರು ಗ್ರಾಂ ಮರಳು ತುಂಬಿದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಹೆಸರು ಹೇಳಿ ಬಿಟ್ಟೆ. ಚೀಲ ಒಂದು ಗೇಣು ಕೆಳಗಿಳಿದು ನಿಂತಿತು. ಆಮೇಲೆ, ಯೋಚಿಸಿ ಒಪ್ಪಿಕೊಂಡಂತೆ ನಿಧಾನವಾಗಿ ಮೇಲೆದ್ದು, ತಗಡಿನ ಮಾಡುಗಳ ಸಾಲನ್ನು ಹಾದು, ಕೆಳಗೆ ಮೂರನೇ ಬೀದಿಯಲ್ಲಿರುವ ನಮ್ಮ ಮನೆಯ ಅಂಗಳದ ಬಲೆಯೊಳಗೆ ಬಿತ್ತು. ಅದಕ್ಕಿಂತ ಐವತ್ತು ಗ್ರಾಂ ಹೆಚ್ಚಿದ್ದ ಮುಂದಿನ ಚೀಲ ನನ್ನ ಕಾಲ ಬುಡದಲ್ಲೇ ಧೊಪ್ಪೆಂದಿತು. ಸೀಮೆಸುಣ್ಣ ತೆಗೆದು ಹಲಗೆಯ ಮೇಲೆ ಬರೆದೆ: ಇಂದಿನ ಮಿತಿ, ಎರಡು ಕಿಲೋ ಒಂಬೈನೂರು.

ಕಟ್ಟೆಯ ಕೆಳಗೆ ಅಂಗಡಿ ತೆರೆಯುತ್ತಿದ್ದ ಅಶ್ವತ್ಥಶೆಟ್ಟರು ಚಪ್ಪಾಳೆ ತಟ್ಟಿದರು. ಅವರು ವರ್ತಕರ ಸಂಘದ ಅಧ್ಯಕ್ಷರು. "ಭಲೇ ವಾರಿಜಮ್ಮ! ಇನ್ನೊಂದು ನೂರು ಗ್ರಾಂ ಏರಿಸಿಬಿಡಿ, ಮೂರು ಕಿಲೋ ಸಕ್ಕರೆ ಪ್ಯಾಕೆಟ್ಟು ಮಾಡಿಸಿ ಇಟ್ಟಿದೀನಿ."

"ನಾನು ಏರಿಸೋದಲ್ಲ ಶೆಟ್ರೇ, ಅಳೆಯೋದು ಅಷ್ಟೇ," ಎಂದೆ.

"ಯಾರಾದ್ರೂ ಏರಿಸಲಿ ಬಿಡಿ, ನಮಗೇನು."

ನಾನು ನಗಲಿಲ್ಲ. ಹಿಂದಿನ ಸಂಜೆ ನನ್ನ ತಮ್ಮ ಮಲ್ಲೇಶನ ಮಗುವನ್ನು ಬಟ್ಟೆ ಬಿಚ್ಚಿ ತೂಗಿದ್ದೆ. ಒಂಬತ್ತು ದಿನದ ಹೆಣ್ಣುಮಗು. ತೂಕ ಎರಡು ಕಿಲೋ ಎಂಟುನೂರ ನಲವತ್ತು. ಮಿತಿ ಅದನ್ನು ಆ ಬೆಳಿಗ್ಗೆ ದಾಟಿತ್ತು. ಭಾನುವಾರ ನಾಮಕರಣ.

ನಮ್ಮ ಊರಿನಲ್ಲಿ ಪೇಟೆ ಗುಡ್ಡದ ಮೇಲಿದೆ, ಮನೆಗಳು ಇಳಿಜಾರಿನಲ್ಲಿವೆ. ಬೆಳಿಗ್ಗೆ ಏಳು ದಾಟಿದ ಮೇಲೆ ಸ್ವಲ್ಪ ಹೊತ್ತು ಕಿರುಗಾಳಿ ಬರುತ್ತದೆ. ಅದರಲ್ಲಿ ಅಳೆದ ಮಿತಿ ಆ ದಿನವೆಲ್ಲ ನಿಲ್ಲುತ್ತದೆ. ಹತ್ತು ಗಂಟೆ ನಲವತ್ತಕ್ಕೆ ದೊಡ್ಡ ಗಾಳಿ ಏಳುತ್ತದೆ. ಆಗ ಅಂಗಡಿಯವರು ಕಟ್ಟೆಯ ಮೇಲೆ ಸಾಲಾಗಿ ನಿಂತು, ಗಂಟು ಹಿಡಿದು, ಗಿರಾಕಿಯ ಹೆಸರು ಕೂಗಿ ಬಿಡುತ್ತಾರೆ. ಮಿತಿಯೊಳಗಿದ್ದರೆ ಗಂಟು ಆ ಹೆಸರಿನವರ ಅಂಗಳಕ್ಕೇ ಹೋಗಿ ಬೀಳುತ್ತದೆ. ಒಂದು ಹೆಸರಿಗೆ ಒಂದೇ ಮನೆ. ಅದಕ್ಕೇ ಇಲ್ಲಿ ಇಬ್ಬರಿಗೆ ಒಂದೇ ಹೆಸರಿಡುವುದಿಲ್ಲ. ಗುಮಾಸ್ತ ಬಾಯಿತಪ್ಪಿ ಇಲ್ಲದ ಹೆಸರೊಂದನ್ನು ಕೂಗಿದರೆ ಗಂಟು ಪಡುವಣ ಗುಡ್ಡ ದಾಟಿ ಹೋಗಿಬಿಡುತ್ತದೆ. ಹುಡುಕಿಕೊಂಡು ಹೋದವರಿಗೆ ಆ ಕಡೆ ಒಂದು ಅಂಗಿಗುಂಡಿಯೂ ಸಿಕ್ಕಿಲ್ಲ.

ನಾನು ಬಿ.ಎಸ್ಸಿ. ಮುಗಿಸಿ ಗಾಳಿ ಆಫೀಸಿನಲ್ಲಿ ಮಿತಿ ಅಳೆಯುವ ಈ ಕೆಲಸಕ್ಕೆ ಸೇರಿದಾಗ ಮಿತಿ ಆರುನೂರು ಗ್ರಾಂ. ನಮ್ಮ ಅಜ್ಜಿಯ ಕಾಲಕ್ಕೂ ಅಷ್ಟೇ ಇತ್ತಂತೆ. ಆರುನೂರು ಗ್ರಾಂ ಒಂದು ಊರನ್ನು ಏನು ಮಾಡಬಲ್ಲದು ಎಂಬುದನ್ನು ಹೊರಗಿನವರು ನಂಬುವುದಿಲ್ಲ. ನಮ್ಮ ಮನೆಯಿಂದ ಪೇಟೆಗೆ ನಡೆದರೆ ಇಪ್ಪತ್ತೈದು ನಿಮಿಷ. ಬೇಕಾದ್ದನ್ನು ಆರಿಸಿ, ಚೀಲಕ್ಕೆ ಹಾಕಿಕೊಂಡು ಬರಬಹುದು. ಯಾರೂ ಬರಲಿಲ್ಲ. ಹಾರಿ ಬರುವುದನ್ನೇ ಕೊಂಡರು. ಹಲಸಿನಹಣ್ಣು ಹಾರುವುದಿಲ್ಲ, ಹಾಗಾಗಿ ನಮ್ಮ ಮಕ್ಕಳಿಗೆ ಹಲಸಿನ ಹೆಸರು ಗೊತ್ತೇ ಹೊರತು ಅಂಟು ಗೊತ್ತಿಲ್ಲ. ಆಯುಧಪೂಜೆಗೆ ಬೂದುಗುಂಬಳದ ಬದಲು ಸೌತೆಕಾಯಿ ಒಡೆಯುತ್ತಾರೆ. ಹಿತ್ತಾಳೆ ಹೋಗಿ ಅಲ್ಯೂಮಿನಿಯಂ ಬಂತು, ಅದೂ ತೆಳುವಾಗುತ್ತ ಬಂದು ಈಗ ಮುದ್ದೆ ತಿರುವಿದರೆ ತಳ ಬಾಗುತ್ತದೆ. ದಪ್ಪ ಪುಸ್ತಕಗಳನ್ನು ಅಂಗಡಿಯವರು ನಾಲ್ಕು ತುಂಡು ಮಾಡಿ ಕಳಿಸುತ್ತಿದ್ದರು. ಬರುಬರುತ್ತ ಜನ ಮೊದಲ ತುಂಡು ಮಾತ್ರ ತರಿಸಿಕೊಳ್ಳತೊಡಗಿದರು. ಬೀದಿಯಲ್ಲಿ ಯಾರಾದರೂ ಕೈಯಲ್ಲಿ ಚೀಲ ಹಿಡಿದು ಬಂದರೆ, "ಪಾಪ, ಅವರ ಮನೆಗೆ ಗಾಳಿ ನಿಂತುಹೋಯ್ತೇನೋ," ಎಂದು ಮರುಗುತ್ತಾರೆ.

ಕೊಂಡದ್ದು ಹಿಡಿಸದಿದ್ದರೆ ಚಿಂತೆಯೂ ಇಲ್ಲ. ದೊಡ್ಡ ಗಾಳಿ ಕೊನೆಯ ಕೆಲವು ನಿಮಿಷ ತಿರುಗಿ ಗುಡ್ಡ ಹತ್ತುತ್ತದೆ. ಆಗ ಅಂಗಡಿಯವನ ಹೆಸರು ಕೂಗಿ ವಾಪಸ್ ಕಳಿಸಿದರಾಯಿತು. ಒಮ್ಮೆ ತಾನು ಹೊತ್ತು ತಂದದ್ದನ್ನು ಗಾಳಿ ಮತ್ತೆ ತೂಗುವುದಿಲ್ಲ. ಹತ್ತು ಮನೆಯ ವಾಪಸ್ ಮಾಲನ್ನು ಒಂದೇ ಗಂಟು ಕಟ್ಟಿದರೂ ಹತ್ತಿಯ ಹಾಗೆ ಎದ್ದು ಹೋಗುತ್ತದೆ. ನಾನು ಪರೀಕ್ಷೆಗೆ ದಿನಾ ಹೊಸ ಮರಳು ತುಂಬುವುದೂ ಇದಕ್ಕೇ. ಹಾರಿದ ಮರಳು ಗಾಳಿಯ ಪಾಲಿಗೆ ಮರಳೇ ಅಲ್ಲ.

ಒಂದು ವರ್ಷದಿಂದ ಮಿತಿ ಏರುತ್ತಿತ್ತು. ಮೊದಮೊದಲು ವಾರಕ್ಕೆ ಹತ್ತು ಗ್ರಾಂ. ಈ ತಿಂಗಳು ದಿನಕ್ಕೆ ನಲವತ್ತು, ಐವತ್ತು. ತೆಂಗಿನಕಾಯಿ ಹಾರಿ ಬಂದ ದಿನ ಜನ ಬೀದಿಯಲ್ಲಿ ಸಿಹಿ ಹಂಚಿದರು. ಎರಡು ಕಿಲೋ ದಾಟಿದ ಮೇಲೆ ಇಬ್ಬರೇ ಇರುವ ಮನೆಗಳೂ ಎರಡು ಕಿಲೋ ರವೆ ತರಿಸುತ್ತಿದ್ದವು. ಬೇಕಾಗಿ ಅಲ್ಲ, ಬರುತ್ತದೆ ಎಂದು. ನನಗೆ ಆ ಏರಿಕೆಯ ಬಗ್ಗೆ ಕುತೂಹಲವಿತ್ತೇ ಹೊರತು ಭಯವಿರಲಿಲ್ಲ. ಸುಗುಣ ಹೆತ್ತ ದಿನ ಮಗುವನ್ನು ತಕ್ಕಡಿಯಲ್ಲಿಟ್ಟಾಗ ಭಯ ಶುರುವಾಯಿತು.

ಸುಗುಣ ನನ್ನ ತಮ್ಮನ ಹೆಂಡತಿ. ಅವಳ ತಾಯಿ ತುಂಗಮ್ಮ ಬಾಣಂತನಕ್ಕೆಂದು ನಮ್ಮಲ್ಲಿಗೇ ಬಂದಿದ್ದರು. ಶುಕ್ರವಾರ ಮಧ್ಯಾಹ್ನ ಅವರನ್ನೂ ಮಲ್ಲೇಶನನ್ನೂ ಕೂರಿಸಿಕೊಂಡು ವಿಷಯ ಹೇಳಿದೆ. ನಾಮಕರಣ ನಡೆಯುವುದು ದೊಡ್ಡ ಗಾಳಿಯ ಹೊತ್ತಿನಲ್ಲಿ, ಅಂಗಳದಲ್ಲಿ, ತೊಟ್ಟಿಲು ಕಟ್ಟಿ. ಸೋದರತ್ತೆ ಮಗುವಿನ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಹೆಸರು ಮೊದಲ ಸಲ ಎಲ್ಲಿ ಕೇಳಿಸಿತೋ ಅದೇ ಮನೆ ಎಂದು ಗಾಳಿ ಗುರುತಿಟ್ಟುಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಯಾರದೂ ಅಲ್ಲದ ಹೆಸರು. ಇಷ್ಟು ದಿನ ಯಾವ ಮಗುವೂ ಆರುನೂರು ಗ್ರಾಂ ಇರಲಿಲ್ಲ, ಹೆಸರನ್ನಷ್ಟೇ ಒಯ್ದು ಮಗುವನ್ನು ಬಿಟ್ಟು ಹೋಗುತ್ತಿತ್ತು. ಈ ಮಗು ಮಿತಿಯೊಳಗಿದೆ.

"ಅಂದ್ರೆ?" ಎಂದರು ತುಂಗಮ್ಮ.

"ಹೆಸರು ಕೂಗಿದ ತಕ್ಷಣ ಎತ್ಕೊಂಡು ಹೋಗುತ್ತೆ. ಪಡುವಣ ಗುಡ್ಡದಾಚೆಗೆ."

ತುಂಗಮ್ಮ ಎದೆ ಮುಟ್ಟಿಕೊಂಡರು. ಮಲ್ಲೇಶ, "ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ ಅಕ್ಕ," ಎಂದ. ಕೈಯಲ್ಲಿ ಹಿಡಿದದ್ದು ಲೆಕ್ಕಕ್ಕಿಲ್ಲ ಎಂಬುದು ಅವನಿಗೆ ಮರೆತಿತ್ತು. ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಒಂದು ಸೋಪಿನ ಗಂಟನ್ನು ಬಿಡದೆ ಹಿಡಿದು ನೋಡಲು ಹೋಗಿ ಭುಜದ ಕೀಲು ಕಳಚಿಕೊಂಡಿದ್ದರು. ಒಂದೇ ಗಂಟಿನಲ್ಲಿ ಇದ್ದದ್ದನ್ನು ಮಾತ್ರ ಗಾಳಿ ಒಂದು ಎಂದು ತೂಗುತ್ತದೆ.

"ಹಾಗಾದ್ರೆ ಮಗು ದಪ್ಪ ಆಗ್ಲಿ, ಒಂದು ತಿಂಗಳು ಬಿಟ್ಟು ಮಾಡಣ," ಎಂದರು ತುಂಗಮ್ಮ.

"ಮಗು ದಿನಕ್ಕೆ ಮೂವತ್ತು ಗ್ರಾಂ ಏರಿದ್ರೆ ಹೆಚ್ಚು. ಮಿತಿ ಅದಕ್ಕಿಂತ ಬೇಗ ಏರ್ತಿದೆ. ಬಿಟ್ಟಷ್ಟೂ ಕಷ್ಟ. ಒಳಗೆ, ದೇವರಮನೆಯಲ್ಲಿ, ಕಿವಿಯಲ್ಲಿ ಹೇಳಿ ಮುಗಿಸಿಬಿಡೋಣ."

ಇದಕ್ಕೆ ಮಾತ್ರ ತುಂಗಮ್ಮ ಸಿಡಿದು ಬಿದ್ದರು. "ಒಳಗಾ? ಒಳಗೆ ಹೇಳಿದ್ರೆ ಗಾಳಿಗೆ ಗೊತ್ತಾಗುತ್ತಾ? ಇದರ ಹೆಸರಿಗೆ ಜೀವಮಾನ ಒಂದು ಬೆಂಕಿಪೆಟ್ಟಿಗೆ ಬರಲ್ಲ. ಕ್ವಾರಿ ದ್ಯಾವಯ್ಯನ ಥರ ಕೈಬೀಸ್ಕೊಂಡು ಪೇಟೆಗೆ ಅಲೀಬೇಕು. ಅಂಥ ಹುಡುಗೀನ ಯಾವನೇ ಕಟ್ಕೊತಾನೆ?"

ನಾನು ಸುಗುಣಳ ಕಡೆ ನೋಡಿದೆ. ಅವಳು ಮಗುವಿನ ಅಂಗಾಲನ್ನು ಹೆಬ್ಬೆರಳಿನಿಂದ ಸವರುತ್ತ ಮೆಲ್ಲಗೆ ಹೇಳಿದಳು: "ಹೊರಗೇ ಮಾಡಿ ಅತ್ತಿಗೆ. ಆದ್ರೆ ಇವಳು ಇಲ್ಲೇ ಇರಬೇಕು."

ಭಾರ ಕಟ್ಟಬೇಕು ಎಂದೆ. ಮನೆಯ ಸುತ್ತ ಕಣ್ಣು ಹಾಯಿಸಿದೆವು. ಪಾತ್ರೆ, ಪೆಟ್ಟಿಗೆ, ಸಕ್ಕರೆ, ಕುರ್ಚಿ, ತೊಟ್ಟಿಲಿನ ಬಟ್ಟೆ, ಅದರ ಸರಪಳಿ, ಕೊನೆಗೆ ಬಾಗಿಲಿನ ಹಲಗೆಗಳೂ ಒಂದೊಂದಾಗಿ ಹಾರಿ ಬಂದವೇ. ಅವನ್ನೆಲ್ಲ ಗುಡ್ಡೆಹಾಕಿದರೂ ಗಾಳಿಯ ತಕ್ಕಡಿಯಲ್ಲಿ ಸೊನ್ನೆ. ಅಂಗಳದ ಮಣ್ಣನ್ನು ಚೀಲಕ್ಕೆ ತುಂಬಿ ತೊಟ್ಟಿಲಲ್ಲಿ ಇಡೋಣವೇ ಎಂದು ಕೇಳಿದೆ. ತುಂಗಮ್ಮ ನನ್ನ ಬಾಯಿಗೆ ಕೈ ಅಡ್ಡ ತಂದರು. "ಬಿಡ್ತು ಅನ್ನು! ಕೂಸಿನ ತೊಟ್ಟಿಲಿಗೆ ಮಣ್ಣು ಹಾಕ್ತಾರೇನೇ? ಓದಿದೋಳಾ ನೀನು?"

ಒಂದು ಕ್ಷಣದ ಮೇಲೆ ಅವರೇ, ಕೋಪ ಆರದ ದನಿಯಲ್ಲೇ, "ಗುಂಡುಕಲ್ಲಾದ್ರೆ ಸರಿ," ಎಂದರು.

ಅದು ನನಗೆ ಹೊಳೆದಿರಲಿಲ್ಲ. ನಾಮಕರಣದಲ್ಲಿ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲಿಗೆ ಅಂಗಿ ಟೋಪಿ ತೊಡಿಸಿ, ಅದೂ ಒಂದು ಕೂಸು ಎಂದು ತೊಟ್ಟಿಲಲ್ಲಿ ಮಲಗಿಸುವ ಶಾಸ್ತ್ರ ಹಿಂದೆ ಇತ್ತು. ಒರಳು ಹಾರುವುದಿಲ್ಲವಾದ್ದರಿಂದ ಊರಿನಲ್ಲಿ ಒರಳುಗಳು ಉಳಿಯಲಿಲ್ಲ. ಈಗ ಪ್ಲಾಸ್ಟಿಕ್ ಚೆಂಡಿಗೆ ಟೋಪಿ ಹಾಕುತ್ತಾರೆ. ನಿಜವಾದ ಗುಂಡುಕಲ್ಲನ್ನು ತೊಟ್ಟಿಲಲ್ಲೇ ಬಿಟ್ಟು, ಪಕ್ಕದಲ್ಲಿ ಮಗುವನ್ನು ಮಲಗಿಸಿ, ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿದರೆ ಅದು ಒಂದು ಗಂಟು.

"ಕಲ್ಲು ನಾನು ತರ್ತೀನಿ," ಎಂದ ಮಲ್ಲೇಶ. "ನೀನು ಕಟ್ಟೆ ಬಿಟ್ಟು ಬರೋಕಾಗಲ್ವಲ್ಲ." ನಾನು ಒಪ್ಪಿದೆ. ಶನಿವಾರ ಸಂಜೆ ಮನೆಗೆ ಬಂದಾಗ ದೇವರಮನೆಯ ಮೂಲೆಯಲ್ಲಿ ನುಣುಪಾದ ಕರಿಯ ಕಲ್ಲು ಕೂತಿತ್ತು. ತುಂಗಮ್ಮ ಆಗಲೇ ಅದಕ್ಕೆ ಅರಿಸಿನ ಹಚ್ಚಿ, ಕೆಂಪು ಅಂಗಿ ತೊಡಿಸಿದ್ದರು. ಎರಡು ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡೆ.

ಭಾನುವಾರ ಬೆಳಗಿನ ಕಿರುಗಾಳಿಯಲ್ಲಿ ಮಿತಿ ಮೂರು ಕಿಲೋ ನೂರ ಐವತ್ತಕ್ಕೆ ಜಿಗಿದಿತ್ತು. ಒಂದು ದಿನದಲ್ಲಿ ಇಷ್ಟು ಏರಿದ್ದನ್ನು ನಾನು ಕಂಡಿರಲಿಲ್ಲ. ಬೇಗ ಮನೆಗೆ ಬಂದೆ. ಅಂಗಳದಲ್ಲಿ ಬಲೆ ಸರಿಸಿ ತೊಟ್ಟಿಲು ಕಟ್ಟಿದ್ದರು. ನೆಂಟರು ಬರುತ್ತಿದ್ದರು. ಕಲ್ಲಿನ ತೂಕವನ್ನೂ ಬರೆದಿಟ್ಟುಕೊಳ್ಳೋಣ ಎಂದು ತಕ್ಕಡಿಯಲ್ಲಿಟ್ಟೆ. ಎರಡು ಕಿಲೋ ಒಂಬೈನೂರು. ಮುಳ್ಳು ಎಷ್ಟು ಕರಾರುವಾಕ್ಕಾಗಿ ಆ ಗೆರೆಯ ಮೇಲೆ ನಿಂತಿತೆಂದರೆ ನನಗೆ ಕಸಿವಿಸಿಯಾಯಿತು. ಕಲ್ಲು ಒಡೆಯುವವನು ಹಾಗೆ ಒಡೆಯುವುದಿಲ್ಲ.

"ಮಲ್ಲೇಶ, ಕ್ವಾರಿಯಿಂದ ಇದನ್ನ ಹೇಗೆ ತಂದೆ? ಹೆಗಲ ಮೇಲಾ?"

ಅವನು ಮಾವಿನ ತೋರಣ ಕಟ್ಟುತ್ತ ನಕ್ಕ. "ಹೊತ್ಕೊಂಡು ಬರೋಕೆ ನಂಗೇನು ಹುಚ್ಚಾ ಅಕ್ಕ? ಶೆಟ್ರು ಅಂಗಡೀಲೇ ಇಟ್ಟಿದಾರೆ ಈಗ. ಮಿತಿಗೆ ಸರಿಯಾಗಿ ಕೆತ್ತಿಸಿದಾರೆ. ನಿನ್ನೆ ಗಾಳಿಗೆ ಹಾಕಿದ್ರು, ಸೀದಾ ಬಲೆಗೇ ಬಂತು."

ನನ್ನ ಮುಖ ನೋಡಿ ಅವನ ಕೈ ನಿಂತಿತು. ನಾನು ಏನೂ ಹೇಳಬೇಕಾಗಲಿಲ್ಲ. ಊರಿನ ಪ್ರತಿ ಮಗುವಿಗೂ ಗೊತ್ತಿರುವ ಸಂಗತಿ ಅದು. ವಾಪಸ್ ಮಾಲು ಕಟ್ಟುವಾಗ ಅವನೇ ಸಾವಿರ ಸಲ ನೋಡಿದ್ದು. ಆದರೆ ಕಲ್ಲು ಬೇಕು ಎಂದಾಗ ಅವನ ಕಾಲು ಕ್ವಾರಿಯ ಕಡೆ ಹೋಗಲೇ ಇಲ್ಲ, ಬಾಯಿ ಶೆಟ್ಟರ ಹೆಸರು ಹೇಳಿತು.

"ಅಯ್ಯೋ, ಕಲ್ಲು ಕಲ್ಲೇ ಅಲ್ವೇನೇ?" ತುಂಗಮ್ಮ ಕಲ್ಲನ್ನು ಎತ್ತಿ ತೋರಿಸಿದರು. "ಹಿಡಿದು ನೋಡು, ಕೈ ಬೀಳುತ್ತೆ."

"ನಮ್ಮ ಕೈಗೆ ಭಾರ ಅಮ್ಮ. ಗಾಳಿಗಲ್ಲ."

ಗಂಟೆ ಒಂಬತ್ತೂ ಮುಕ್ಕಾಲು. ಕ್ವಾರಿ ಊರಿನ ತಳದಲ್ಲಿದೆ. ಮಲ್ಲೇಶ ತಾನೇ ಓಡುತ್ತೇನೆಂದು ಹೊರಟ, ಆದರೆ ಅವನಿಗೆ ದಾರಿಯೇ ಗೊತ್ತಿರಲಿಲ್ಲ. ನಾನು ಒಮ್ಮೆ ಮರಳಿಗಾಗಿ ಹೋಗಿದ್ದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಸುಗುಣಳ ಹತ್ತಿರ ಬಗ್ಗಿದೆ. "ನಾನು ಬರೋ ತನಕ ಯಾರ ಬಾಯಲ್ಲೂ ಹೆಸರು ಬರಕೂಡದು. ಯಾರ ಬಾಯಲ್ಲೂ." ಅವಳು ತಲೆಯಾಡಿಸಿದಳು.

ಕ್ವಾರಿಯ ಬಾಯಲ್ಲಿ ದ್ಯಾವಯ್ಯ ಚಪ್ಪರದ ನೆರಳಿಗೆ ಕೂತು ಉಳಿ ಮಸೆಯುತ್ತಿದ್ದ. ಅರವತ್ತು ದಾಟಿದ, ಒಣಗಿದ ಆಳು. ಹೆಸರು ಒಳಗೆ ಇಟ್ಟವರ ಪೈಕಿ ಊರಿನಲ್ಲಿ ಉಳಿದವನು ಅವನೊಬ್ಬನೇ.

"ಓಹೋ! ಗಾಳಿ ಆಫೀಸ್ನೋರು ಕಾಲಾಗೆ ನಡ್ಕಂಡು ಬಂದವ್ರೆ! ಏನು ಸಮಾಚಾರ, ಗಾಳಿ ಸತ್ತೋಯ್ತಾ?"

"ಗುಂಡುಕಲ್ಲು ಬೇಕು ದ್ಯಾವಯ್ಯ. ಈಗಲೇ."

"ಸೆಟ್ಟಿ ತಾವ ಐತಲ್ಲ ಬೇಕಾದಂಗೆ. ನಾನೇ ಕೆತ್ತಿಕೊಟ್ಟಿದ್ದು. ಮ್ಯಾಲಕ್ಕೆ ಅವನೇ ಆಳು ಬಿಟ್ಟು ಹೊರಿಸ್ಕಂಡ, ಹಾರಿಸೋಕೆ."

"ಹಾರಿದ್ದು ಬೇಡ. ಮಗುವಿಗೆ."

ಎರಡು ಮಾತಿನಲ್ಲಿ ಹೇಳಿದೆ. ಅವನ ಮುಖದಲ್ಲಿದ್ದ ತಮಾಷೆ ಇಳಿಯಿತು. ಚಪ್ಪರದ ಹಿಂದೆ ಹೋಗಿ ಮೂರು ಕಲ್ಲು ಉರುಳಿಸಿಕೊಂಡು ಬಂದ. ಮಧ್ಯದ್ದಕ್ಕೆ ನಾನು ಕೈ ಇಟ್ಟೆ, ಅವನು ತಲೆ ಅಲ್ಲಾಡಿಸಿ ದೊಡ್ಡದನ್ನು ಮುಂದಕ್ಕೆ ತಳ್ಳಿದ. "ಹೊರೋಕಾಯ್ತದಾ ನಿಮ್ಮ ಕೈಲಿ?"

"ಆಗಲೇಬೇಕು."

ತನ್ನ ತಲೆಯ ವಸ್ತ್ರವನ್ನು ಬಿಚ್ಚಿ, ಸಿಂಬಿ ಸುತ್ತಿ ನನ್ನ ತಲೆಯ ಮೇಲಿಟ್ಟ. ಅದರ ಮೇಲೆ ಕಲ್ಲು. ಕುತ್ತಿಗೆ ಒಂದು ಕ್ಷಣ ನನ್ನದಲ್ಲ ಎನಿಸಿತು. "ನಾನೇ ಬತ್ತಿದ್ದೆ, ಮಂಡಿ ಕೈಕೊಟ್ಟೈತೆ," ಎಂದ. ಆಮೇಲೆ, ನಾನು ತಿರುಗುವಾಗ, "ಹೊರಗೇ ಕೂಗಿ ಅಮ್ಮ, ಹೆಸರು. ಒಳಗೆ ಬ್ಯಾಡ. ನಂಗೂ ಒಂದ್ಸಲ ಅಂಗಳದಾಗೆ ಏನಾರ ಬಿದ್ದಿದ್ರೆ ಚೆಂದಿತ್ತು ಅನ್ನಿಸ್ತದೆ, ಒಂದು ಬೀಡಿ ಕಟ್ಟಾದ್ರೂ."

ಹತ್ತುವ ದಾರಿಯಲ್ಲಿ ನನಗೆ ನೆನಪಿರುವುದು ಜನರ ಕಣ್ಣುಗಳು. ಗಾಳಿಯ ಹೊತ್ತಾಗುತ್ತಿತ್ತು. ಪ್ರತಿ ಅಂಗಳದಲ್ಲೂ ಬಲೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತವರು, ತಲೆಯ ಮೇಲೆ ಕಲ್ಲು ಹೊತ್ತು ಏದುಸಿರು ಬಿಡುತ್ತ ಬರುವ ಐವತ್ತೆರಡು ವರ್ಷದ ಹೆಂಗಸನ್ನು ನೋಡುತ್ತಿದ್ದರು. "ಏನ್ ವಾರಿಜಮ್ಮ, ಶೆಟ್ರು ನಿಮ್ಮ ಹೆಸರು ಹೊಡೆದುಹಾಕಿಬಿಟ್ರಾ?" ಎಂದು ಒಬ್ಬ ಕೂಗಿದ. ಒಬ್ಬಾಕೆ ಎದ್ದು ಬಂದು, "ಇಳಿಸಿ ಅಕ್ಕ, ನಾಳೆ ಗಾಳಿಗೆ ಹಾಕ್ಸಿದ್ರಾಯ್ತು, ಯಾಕಿಷ್ಟು ಒದ್ದಾಟ," ಎಂದಳು. ಅವಳ ದನಿಯಲ್ಲಿ ನಿಜವಾದ ಕನಿಕರವಿತ್ತು.

ಐದನೇ ಬೀದಿಯ ತಿರುವಿನಲ್ಲಿ ಗಾಳಿ ಎದ್ದಿತು. ಅದಕ್ಕೆ ಸದ್ದಿಲ್ಲ, ಒಣಗಲು ಹಾಕಿದ ಬಟ್ಟೆ ಕೂಡ ಅಲುಗುವುದಿಲ್ಲ. ಮೇಲಿನ ಕಟ್ಟೆಯಿಂದ ಹೆಸರುಗಳು ಮಾತ್ರ ಕೇಳಿಸತೊಡಗಿದವು, ಒಂದರ ಮೇಲೊಂದು. ಆಮೇಲೆ ಗಂಟುಗಳು. ಮೂರು ಕಿಲೋ ಸಕ್ಕರೆಯ ಬಿಳಿಯ ಪ್ಯಾಕೆಟ್ಟುಗಳು ನನ್ನ ತಲೆಯ ಮೇಲಿನ ಕಲ್ಲಿಗಿಂತ ಸ್ವಲ್ಪವೇ ಎತ್ತರದಲ್ಲಿ ತೇಲಿ ಹೋದವು. ಅವುಗಳಲ್ಲಿ ಪ್ರತಿಯೊಂದೂ ನಮ್ಮ ಮಗುವಿಗಿಂತ ಭಾರ. ಅದನ್ನು ಯೋಚಿಸಿದ ಮೇಲೆ ನಾನು ಓಡಿದೆ. ಓಡಲು ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಅಂಗಳದಲ್ಲಿ ಹೆಂಗಸರು ತೊಟ್ಟಿಲನ್ನು ಸುತ್ತುವರಿದಿದ್ದರು. ಗುಂಪು ಸರಿದಾಗ ಕಂಡದ್ದು ಇಷ್ಟು: ಮಗು ತೊಟ್ಟಿಲಲ್ಲಿದೆ, ಕೆಂಪು ಅಂಗಿಯ ಕಲ್ಲು ಪಕ್ಕದಲ್ಲಿದೆ, ತುಂಗಮ್ಮ ಮಗುವಿನ ಕಡೆ ಬಗ್ಗಿದ್ದಾರೆ, ಮತ್ತು ಹನ್ನೊಂದು ದಿನದ ಬಾಣಂತಿ ಸುಗುಣ ಎರಡೂ ಕೈಯಿಂದ ತನ್ನ ತಾಯಿಯ ಬಾಯನ್ನು ಅಮುಕಿ ಹಿಡಿದಿದ್ದಾಳೆ. ತುಂಗಮ್ಮನ ಕಣ್ಣು ಕೆಂಪಾಗಿತ್ತು.

"ಬಂದೆ," ಎಂದೆ. ಮಲ್ಲೇಶ ಬಂದು ಕಲ್ಲಿಳಿಸಿಕೊಂಡ. ಭಾರಕ್ಕೆ ಅವನ ಸೊಂಟ ಕುಸಿದದ್ದನ್ನು ಎಲ್ಲರೂ ನೋಡಿದರು.

ಸುಗುಣ ಕೈ ತೆಗೆದಳು. "ಗಾಳಿ ಮುಗಿದೋಗ್ತಿತ್ತು ಕಣೇ!" ತುಂಗಮ್ಮ ಒದರಿದರು. "ಮುಹೂರ್ತ ಮೀರಿದ್ರೆ ಏನೇ ಮಾಡೋದು? ಹೆತ್ತ ತಾಯಿ ಬಾಯಿ ಮುಚ್ತಾಳಲ್ಲ ಇವಳು!"

"ಆಮೇಲೆ ಹೊಡಿ ನಂಗೆ," ಎಂದಳು ಸುಗುಣ.

ಶೆಟ್ಟರ ಕಲ್ಲನ್ನು ತುಂಗಮ್ಮ ತೊಟ್ಟಿಲಿಂದ ತೆಗೆದು, ಶಾಸ್ತ್ರ ಕೆಡಬಾರದೆಂದು ಕೆಳಗೆ ಮಣೆಯ ಮೇಲಿಟ್ಟರು. ದ್ಯಾವಯ್ಯನ ಕಲ್ಲನ್ನು ತೊಳೆಯಲು ಹೊತ್ತಿರಲಿಲ್ಲ. ಅದಕ್ಕೆ ಇನ್ನೂ ಕ್ವಾರಿಯ ಪುಡಿ ಅಂಟಿತ್ತು. ಹಾಗೆಯೇ ತೊಟ್ಟಿಲಿನ ಬಟ್ಟೆಯಲ್ಲಿ ಮಗುವಿನ ಕಾಲ ಕಡೆ ಮಲಗಿಸಿ, ಎರಡರ ಸುತ್ತ ಹಚ್ಚಡ ತಂದು ಗಂಟು ಹಾಕಿದೆ. ಗಂಟನ್ನು ಎರಡು ಸಲ ಎಳೆದು ನೋಡಿದೆ. ಮಗು ಆಕಳಿಸಿತು. ಗಾಳಿ ತಿರುಗಲು ಇನ್ನು ಐದಾರು ನಿಮಿಷ ಇದ್ದಿರಬೇಕು.

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಇಷ್ಟು ವರ್ಷ ಸಾವಿರಾರು ಚೀಲಗಳನ್ನು ಹೆಸರು ಹೇಳಿ ಬಿಟ್ಟ ಬಾಯಿ ಇದು. ಅಂಕಗಣಿತ ಸರಿಯಿದೆ ಎಂದು ನನಗೆ ಗೊತ್ತಿತ್ತು. ಗಾಳಿಗೆ ಅದು ಗೊತ್ತಿದೆಯೇ ಎಂಬುದು ಗೊತ್ತಿರಲಿಲ್ಲ. ಅಕ್ಕಪಕ್ಕದ ಎರಡು ಜೀವಗಳನ್ನು ಅದು ಒಂದೇ ಎಂದು ಎಣಿಸುವುದನ್ನು ನಾನು ಪರೀಕ್ಷಿಸಿ ನೋಡಿರಲಿಲ್ಲ. ಕಲ್ಲು ಜೀವವಲ್ಲ ಎಂದು ಆ ಹೊತ್ತಿನಲ್ಲಿ ಅನ್ನಿಸಲೂ ಇಲ್ಲ.

"ಇಂಚರ," ಎಂದು ಕೂಗಿದೆ.

ತೊಟ್ಟಿಲಿನ ನಾಲ್ಕೂ ಸರಪಳಿಗಳು ಒಮ್ಮೆಗೇ ಸಡಿಲವಾದವು. ಅಷ್ಟು ಹೊತ್ತು ಸೆಟೆದು ನಿಂತಿದ್ದ ಕೊಂಡಿಗಳು ಒಂದರ ಮೇಲೊಂದು ಮಡಿಚಿ ಕಿಣಿಕಿಣಿ ಎಂದವು. ತೊಟ್ಟಿಲು ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ನಿಂತಿತ್ತು. ಸುಗುಣಳ ಗಂಟಲಿನಿಂದ ಒಂದು ಸದ್ದು ಬಂತು. ನಾನು ಕೈ ಚಾಚಲಿಲ್ಲ. ಚಾಚಿದರೆ ಪ್ರಯೋಜನವಿಲ್ಲವೆಂದು ತಿಳಿದದ್ದಕ್ಕೋ, ಚಾಚಲು ಆಗದ್ದಕ್ಕೋ ಹೇಳಲಾರೆ. ಆಗ ಮಣೆಯ ಮೇಲಿದ್ದ ಶೆಟ್ಟರ ಕಲ್ಲು ಎದ್ದಿತು. ಶಾಸ್ತ್ರದಲ್ಲಿ ಅದೂ ಕೂಸೇ, ಅದೂ ಹೆಸರು ಕೇಳಿಸಿಕೊಂಡಿತ್ತು. ಅರಿಸಿನ ಹಚ್ಚಿದ ಮುಖ, ಕೆಂಪು ಅಂಗಿ, ತಲೆಗೆ ಟೋಪಿ. ಅದು ತುಂಗಮ್ಮನ ಕಣ್ಣಮುಂದೆಯೇ ಬೂರುಗದ ಹತ್ತಿಯ ಹಾಗೆ ಮೇಲಕ್ಕೆ ಹೋಗಿ, ತೋರಣ ದಾಟಿ, ಮಾಡು ದಾಟಿ, ಪಡುವಣಕ್ಕೆ ತಿರುಗಿತು. ಕೆಂಪು ಅಂಗಿ ಗುಡ್ಡದ ಮೇಲೆ ಒಂದು ಚುಕ್ಕೆಯಾಗಿ ಕಾಣುವವರೆಗೂ ಅಂಗಳದಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು.

ಚುಕ್ಕೆ ಮರೆಯಾದ ಮೇಲೆ ಸರಪಳಿಗಳು ಒಂದೊಂದಾಗಿ ಬಿಗಿದವು. ತೊಟ್ಟಿಲು ಒಂದು ಸಲ ತೂಗಿ ನಿಂತಿತು. ಮಗು ಅಳತೊಡಗಿತು.

ತುಂಗಮ್ಮ ಮಣೆಯ ಪಕ್ಕ ಕುಸಿದು ಕೂತರು. "ಅಂಗಿ ಹೊಸದು," ಎಂದರು. ಏನಾದರೂ ಹೇಳಬೇಕಿತ್ತು, ಅದನ್ನು ಹೇಳಿದರು. ಸುಗುಣ ತೊಟ್ಟಿಲಿನ ಅಂಚಿಗೆ ಹಣೆ ಒತ್ತಿ ನಿಂತಿದ್ದಳು. ನಾಮಕರಣವೆಂದು ಹೆಸರನ್ನು ಚೀಟಿಯಲ್ಲಿ ಬರೆದು ಮೊದಲೇ ಕಳಿಸಿದ್ದರಿಂದ ಕಟ್ಟೆಯಿಂದ ಶೆಟ್ಟರ ಗುಮಾಸ್ತ ಹೊಸ ಹೆಸರು ಕೂಗಿದ್ದು ನಮಗೆ ಸಣ್ಣಗೆ ಕೇಳಿಸಿತು. ಒಂದು ಗಿಲಕಿಯ ಪೊಟ್ಟಣ ತೇಲಿ ಬಂದು ಬಲೆಗೆ ಬಿತ್ತು. ಗಾಳಿಗೆ ಮಗುವಿನ ಮನೆ ಗೊತ್ತಾಗಿತ್ತು. ಯಾರೂ ಪೊಟ್ಟಣ ಬಿಚ್ಚಲಿಲ್ಲ.

ಆ ವಾರ ನಾನು ಹಲಗೆಯ ಮೇಲೆ ಮಿತಿಯ ಕೆಳಗೆ ಇನ್ನೊಂದು ಸಾಲು ಬರೆದೆ: ಮಗುವಿನ ತೊಟ್ಟಿಲಿಗೆ ಕ್ವಾರಿಯ ಕಲ್ಲು ಹೊತ್ತು ತನ್ನಿ. ಶೆಟ್ಟರು ಅದನ್ನು ಎರಡು ಸಲ ಓದಿದರು. ಅವರು ಕೆಟ್ಟವರಲ್ಲ, ಕಲ್ಲಿನ ವಿಷಯ ಕೇಳಿ ಅವರ ಕಣ್ಣಲ್ಲಿ ನೀರು ಬಂದಿತ್ತು. ಮೂರನೇ ದಿನ ಅವರ ಅಂಗಡಿಯ ಮುಂದೆ ಬೋರ್ಡು ಬಂತು: ಅಸಲಿ ಕ್ವಾರಿ ಗುಂಡುಕಲ್ಲು, ಹೆಸರು ಹೇಳಿ, ಅಂಗಳಕ್ಕೇ ಬರುತ್ತದೆ. ಸಂಜೆಯೊಳಗೆ ಹದಿನಾಲ್ಕು ಮನೆಯವರು ತರಿಸಿಕೊಂಡರು. ನಮ್ಮ ಅಂಗಳದಲ್ಲಿ ನಿಂತು ಕಣ್ಣಾರೆ ಕಂಡವರೂ ಅವರಲ್ಲಿದ್ದರು. ನಾನು ಆ ಹದಿನಾಲ್ಕು ಮನೆಗಳಿಗೂ ಹೋಗಿ ಬಂದೆ. "ಹೌದಲ್ವಾ!" ಎಂದು ತಲೆ ಮೇಲೆ ಕೈ ಇಟ್ಟುಕೊಂಡರು. ಇಬ್ಬರು ಕ್ವಾರಿಗೆ ಇಳಿದು ಹೋದರು. ಉಳಿದವರು, ಬಾಡಿಗೆಗೆ ಹೊರುವವರು ಸಿಗುತ್ತಾರೆಯೇ ಎಂದು ಶೆಟ್ಟರನ್ನೇ ಕೇಳಿದರು.

ಮಿತಿ ಇನ್ನೂ ಏರುತ್ತಿದೆ. ಗಾಳಿಯ ಹೊತ್ತಿನಲ್ಲಿ ಇಂಚರಳನ್ನು ಹೆಸರು ಹಿಡಿದು ಕರೆಯುವಾಗ ಮೊದಲು ಕಲ್ಲಿನ ಜೊತೆ ಗಂಟು ಹಾಕುತ್ತೇವೆ. ಉಳಿದ ಹೊತ್ತಿನಲ್ಲಿ ಕಲ್ಲು ಹೊಸ್ತಿಲ ಪಕ್ಕ ಇರುತ್ತದೆ. ಮಲ್ಲೇಶ ದಿನಕ್ಕೊಮ್ಮೆ ಎಡವುತ್ತಾನೆ, ಸರಿಸುವುದಿಲ್ಲ. ನಿನ್ನೆ ಸುಗುಣ ಮನೆಯನ್ನೆಲ್ಲ ಒಮ್ಮೆ ನೋಡಿ, "ಅತ್ತಿಗೆ, ಗಾಳಿಯ ಲೆಕ್ಕದಲ್ಲಿ ನಮ್ಮ ಮನೇಲಿ ಎಷ್ಟು ಭಾರ ಇದೆ?" ಎಂದು ಕೇಳಿದಳು. ನಾನು ಕಲ್ಲನ್ನು ತೊಳೆದು, ಒರೆಸಿ, ತಕ್ಕಡಿಯಲ್ಲಿಟ್ಟು, ಮುಳ್ಳು ನಿಲ್ಲುವವರೆಗೆ ಕಾದೆ. ಮನುಷ್ಯರನ್ನೂ ಗೋಡೆಗಳನ್ನೂ ಬಿಟ್ಟರೆ, ನಮ್ಮ ಮನೆಯ ಒಟ್ಟು ತೂಕ ಏಳು ಕಿಲೋ ಮುನ್ನೂರ ಐವತ್ತು ಗ್ರಾಂ.